ಬಿದ್ದ ಸಿಬಿಲ್ ಸ್ಕೋರ್ ಎತ್ತಲು ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್: ಬಳಸಿದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಇದು ಒಳ್ಳೆಯ ಕಾರ್ಡ್. ಬ್ಯಾಂಕಿನಲ್ಲಿ ಫಿಕ್ಸೆಡ್ ಡೆಪಾಸಿಟ್ ಇಟ್ಟು, ಅದರ ಮೇಲೆ ತೆಗೆದುಕೊಳ್ಳುವ ಕ್ರೆಡಿಟ್ ಕಾರ್ಡ್. ಸಾಲ ಕಟ್ಟಲಾಗದೆ ಸಿಬಿಲ್ ಸ್ಕೋರ್ (ಸಾಲವನ್ನು ಎಷ್ಟು ಸರಿಯಾಗಿ ಕಟ್ಟುತ್ತೇವೆ ಅಂತ ತೋರಿಸುವ ಅಂಕ) ಕೆಳಗೆ ಬಿದ್ದವರಿಗೆ ಮತ್ತೆ ಮೇಲೆ ಬರಲು ಇದಕ್ಕಿಂತ ಸುಲಭದ, ಕಡಿಮೆ ಖರ್ಚಿನ ದಾರಿ ನನಗೆ ಕಂಡಿಲ್ಲ. ಆದರೆ ತಿಂಗಳು ತಿಂಗಳು ತಪ್ಪದೆ ಬರುವ ಸಂಬಳ ಇಲ್ಲದಿದ್ದರೆ ಇದನ್ನು ಮುಟ್ಟಲೇಬೇಡಿ. ಸಂಬಳ ಇಲ್ಲದವರ ಕೈಯಲ್ಲಿ ಇದೇ ಕಾರ್ಡ್ ಸ್ಕೋರನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಕಾರ್ಡಿನ ಬಗ್ಗೆ ಬರೆಯಲು ಕೂತವಳು ಕೆಲಸದ ಬಗ್ಗೆಯೂ ಇಷ್ಟು ಉದ್ದ ಬರೆದಿರುವುದು ಅದಕ್ಕೇ.

ಬ್ಯಾಂಕಿನ ಹೆಸರು ಹಾಕುತ್ತಿಲ್ಲ. ಅದರಿಂದ ನಿಮಗೆ ನಷ್ಟವೇನೂ ಇಲ್ಲ. ಹೆಚ್ಚಿನ ದೊಡ್ಡ ಬ್ಯಾಂಕುಗಳಲ್ಲಿ ಈ ಥರದ ಕಾರ್ಡ್ ಇದೆ. ಕೆಲಸ ಮಾಡುವ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ನನ್ನ ಕಥೆ ಚಿಕ್ಕದು. ಇದ್ದ ಸಂಸ್ಥೆ ಮೊದಲು ಸಂಬಳ ತಡ ಮಾಡಿತು. ಆಮೇಲೆ ಅರ್ಧ ಕೊಟ್ಟಿತು. ಆಮೇಲೆ ಬಾಗಿಲು ಹಾಕಿತು. ತಲೆ ಮೇಲೆ ಒಂದು ಪರ್ಸನಲ್ ಲೋನ್ ಇತ್ತು, ಒಂದು ಹಳೆಯ ಕ್ರೆಡಿಟ್ ಕಾರ್ಡ್ ಇತ್ತು. ಕಂತು ಬೌನ್ಸ್ ಆಗಲು ಶುರುವಾಯಿತು. ಬೌನ್ಸ್ ಆದ ಪ್ರತಿ ಸಲವೂ ಅದಕ್ಕೊಂದು ಚಾರ್ಜ್, ಅದರ ಮೇಲೆ ತೆರಿಗೆ. ಕಾರ್ಡಿನ ಬಡ್ಡಿ ತಿಂಗಳಿಗೆ ಮೂರು ಪರ್ಸೆಂಟಿಗಿಂತ ಜಾಸ್ತಿ, ಅಂದರೆ ವರ್ಷಕ್ಕೆ ನಲವತ್ತರ ಹತ್ತಿರ. ಉಳಿತಾಯದಿಂದ ಲೋನನ್ನು ಹೇಗೋ ಎಳೆದು ಮುಗಿಸಿದೆ. ಕಾರ್ಡ್ ಬಾಕಿ ಮಾತ್ರ ಬೆಳೆಯುತ್ತಲೇ ಹೋಯಿತು.

ವಸೂಲಿಯವರ ಫೋನ್ ಬೆಳಗ್ಗೆ ಏಳಕ್ಕೇ ಬರುತ್ತಿತ್ತು. ಈಗ ಆ ಸ್ಥಿತಿಯಲ್ಲಿ ಇರುವವರಿಗಾಗಿ ಒಂದು ವಿಷಯ ಇಲ್ಲೇ ಹೇಳುತ್ತೇನೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ, ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಮನೆಯವರನ್ನು ನೆಂಟರನ್ನು ಎಳೆದು ತರುವಂತಿಲ್ಲ. ನಾನು ಇದನ್ನು ಬ್ಯಾಂಕಿಗೆ ಇಮೇಲಿನಲ್ಲಿ ಬರೆದು ಕಳಿಸಿದ ಮೇಲೆ ಆ ಹೊತ್ತಿನ ಫೋನು ನಿಂತಿತು. ಬಾಕಿ ಇದೆ ಅಂದ ಮಾತ್ರಕ್ಕೆ ಮರ್ಯಾದೆ ಬಿಟ್ಟು ಬದುಕಬೇಕಾಗಿಲ್ಲ.

ಕೊನೆಗೆ ಸೆಟಲ್‌ಮೆಂಟ್ ಮಾತು ಬಂತು, ಅಂದರೆ ಬಾಕಿಯಲ್ಲಿ ಒಂದು ಪಾಲು ಕಟ್ಟಿದರೆ ಉಳಿದದ್ದನ್ನು ಬ್ಯಾಂಕು ಬಿಟ್ಟುಬಿಡುವುದು. ‘ಇಷ್ಟು ಕಟ್ಟಿ ಮೇಡಂ, ಎಲ್ಲ ಕ್ಲಿಯರ್’ ಅಂದರು. ಒಡವೆ ಅಡ ಇಟ್ಟು ಕಟ್ಟಿದೆ. ಬಾಕಿ ತೀರಿತು, ಫೋನ್ ನಿಂತಿತು. ಆದರೆ ಬ್ಯಾಂಕು ಬಿಟ್ಟುಕೊಟ್ಟ ಆ ಉಳಿದ ಹಣ ನಮ್ಮ ಸಾಲದ ವರದಿಯಲ್ಲಿ ವರ್ಷಗಟ್ಟಲೆ ಕಾಣುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂದೆ ಸರಿಯುತ್ತಾರೆ ಅಂತ ಆ ಕಡೆಯಿಂದ ಯಾರೂ ಒಂದು ಮಾತು ಹೇಳಲಿಲ್ಲ. ಹೇಳಬೇಕಿತ್ತು. ಹಣ ಕಟ್ಟುವ ಮೊದಲೇ, ಬರವಣಿಗೆಯಲ್ಲಿ ಹೇಳಬೇಕಿತ್ತು.

ಇನ್ನು ಆ ವರದಿಯ ವಿಷಯ. ನಮ್ಮ ದೇಶದಲ್ಲಿ ಸಾಲದ ಲೆಕ್ಕ ಇಡುವ ಕಂಪನಿಗಳು, ಅಂದರೆ ಕ್ರೆಡಿಟ್ ಬ್ಯೂರೋಗಳು, ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾವು ಎಲ್ಲವನ್ನೂ ಸುಮ್ನೆ ಸಿಬಿಲ್ ಅಂತ ಕರೆಯುತ್ತೇವೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು, 2017ರಿಂದ ಇದು ನಿಯಮ. ಹಾಗಾಗಿ ಮೂರು ತಿಂಗಳಿಗೆ ಒಂದು ಕಂಪನಿಯದ್ದು ಅಂತ ಹಂಚಿಕೊಂಡರೆ ವರ್ಷ ಪೂರ್ತಿ ಒಂದು ರೂಪಾಯಿ ಖರ್ಚಿಲ್ಲದೆ ಕಣ್ಣಿಡಬಹುದು. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಭಯದಿಂದ ವರದಿಯನ್ನೇ ತೆರೆಯದ ಎಷ್ಟೋ ಜನರನ್ನು ನೋಡಿದ್ದೇನೆ. ಸ್ಕೋರಿಗೆ ಪೆಟ್ಟು ಕೊಡುವುದು ನಾವು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು, ಅದೂ ಒಂದರ ಹಿಂದೆ ಒಂದು ಅರ್ಜಿ ಹಾಕಿದಾಗ.

ವರದಿ ತೆರೆದ ಕೂಡಲೇ ಎಲ್ಲರ ಕಣ್ಣು 300ರಿಂದ 900ರ ನಡುವಿನ ಆ ಅಂಕಿಯ ಮೇಲೆ ಹೋಗುತ್ತದೆ. ಅದನ್ನು ಬಿಟ್ಟು ಕೆಳಗೆ ಬನ್ನಿ. ಒಂದೊಂದು ಸಾಲದ ಕೆಳಗೂ ಚಿಕ್ಕ ಚಿಕ್ಕ ಚೌಕಗಳ ಸಾಲು ಇರುತ್ತದೆ. ತಿಂಗಳಿಗೊಂದು ಚೌಕ, 36 ತಿಂಗಳವರೆಗೆ. ಸಮಯಕ್ಕೆ ಕಟ್ಟಿದ್ದರೆ 000. ಮೂವತ್ತು ದಿನ ತಡವಾಗಿದ್ದರೆ 030. ನನ್ನ ವರದಿಯಲ್ಲಿ ಸೊನ್ನೆಗಳ ಉದ್ದ ಸಾಲು ಇತ್ತು. ಅದರ ಪಕ್ಕ 029, ಆಮೇಲೆ 060, ಆಮೇಲೆ 090. ಸಂಬಳ ನಿಂತ ತಿಂಗಳು, ಉಳಿತಾಯ ಮುಗಿದ ತಿಂಗಳು, ಎಲ್ಲ ಅಲ್ಲೇ ಇತ್ತು. ಅದನ್ನು ನೋಡುತ್ತಾ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹಳೆಯ ಚೌಕವನ್ನು ಯಾರೂ ಅಳಿಸಲಾರರು. ಆಗಬೇಕಾದದ್ದು ಒಂದೇ, ಮುಂದೆ ಹೊಸ 000 ಸೇರುತ್ತಾ ಹೋಗಬೇಕು. ಹೊಸ ಚೌಕ ಬೇಕಂದರೆ ಯಾರಾದರೂ ಹೊಸ ಸಾಲ ಕೊಡಬೇಕು. ಸ್ಕೋರ್ ಬಿದ್ದವರಿಗೆ ಯಾರು ಕೊಡುತ್ತಾರೆ, ಅಲ್ವಾ? ಈ ಗಂಟನ್ನು ಬಿಚ್ಚುವುದೇ ಎಫ್‌ಡಿ ಕಾರ್ಡ್. ನಮ್ಮದೇ ಹಣ ಜಾಮೀನಿಗೆ ಇರುವುದರಿಂದ ಬ್ಯಾಂಕಿಗೆ ಭಯವಿಲ್ಲ. ಆದರೆ ಮುಂಗಡವಾಗಿ ಕಟ್ಟಿದ ಹಣ ಅಂತ ಅದು ಲೆಕ್ಕಕ್ಕೆ ಬರುವುದಿಲ್ಲ, ವರದಿಯಲ್ಲಿ ಮಾಮೂಲಿ ಕ್ರೆಡಿಟ್ ಕಾರ್ಡ್ ಥರವೇ ತಿಂಗಳಿಗೊಂದು ಚೌಕ ಸೇರುತ್ತದೆ.

ಆದರೂ ನಾನು ಆಗಲೇ ಓಡಿ ಹೋಗಿ ಎಫ್‌ಡಿ ಮಾಡಿಸಲಿಲ್ಲ. ಮೊದಲು ಕೆಲಸ ಬೇಕಿತ್ತು.

ಕೆಲಸ ಹುಡುಕುವಾಗ ನನಗೆ ದಾರಿ ತೋರಿಸಿದ್ದು ಒಂದು ಪಿಎಫ್ ಪಾಸ್‌ಬುಕ್. ಹಳೆಯ ಸಂಸ್ಥೆಯ ಪಾಸ್‌ಬುಕ್ಕನ್ನು ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ತೆರೆದು ನೋಡಿದೆ. ಕೊನೆಯ ಕೆಲವು ತಿಂಗಳ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಆಗಿತ್ತು. ಪಾಸ್‌ಬುಕ್ಕಿನಲ್ಲಿ ಆ ತಿಂಗಳುಗಳೇ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮೈ ಜುಮ್ಮೆಂದಿತು. ಪಿಎಫ್ ನಿಂತದ್ದು ಮೊದಲು, ಸಂಬಳ ತಡವಾದದ್ದು ಆಮೇಲೆ, ಸಾಲದ ವರದಿಯಲ್ಲಿ 029 ಬಂದದ್ದು ಅದಕ್ಕೂ ಆಮೇಲೆ. ಸಂಸ್ಥೆ ಸೊರಗುತ್ತಿರುವುದು ಎಲ್ಲಕ್ಕಿಂತ ಮೊದಲು ಪಾಸ್‌ಬುಕ್ಕಿನಲ್ಲಿ ಬರೆದಿತ್ತು. ನಮ್ಮ ಸಂಬಳದಿಂದ ಹಿಡಿದ 12% ಮತ್ತು ಮಾಲೀಕರ ಪಾಲಿನ 12% ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲದ ಮಾಲೀಕರು ಮೊದಲು ಕೈ ಹಾಕುವುದು ಈ ಹಣಕ್ಕೇ. ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ಚೀಟಿಗಳನ್ನು ಲಗತ್ತಿಸಿ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ಸಂಬಳದ ಚೀಟಿಗಳನ್ನು ಎಸೆಯಬೇಡಿ. ದೂರಿಗೆ ಅವೇ ಸಾಕ್ಷಿ.

ಆಮೇಲೆ ನನ್ನ ಮುಂದೆ ಎರಡು ಕೆಲಸ ಬಂದವು. ಒಂದು ಸೈಟ್ ಮಾರುವ ಕಂಪನಿ. ಚಿಕ್ಕ ಸಂಬಳ, ದೊಡ್ಡ ಕಮಿಷನ್. ಒಳ್ಳೆಯ ತಿಂಗಳು ಬಂದರೆ ಹಳೆಯ ಸಂಬಳದ ಎರಡರಷ್ಟು ಕೈಗೆ ಬರುತ್ತದೆ ಅಂದರು. ಇನ್ನೊಂದು ಔಷಧಿ ಹಂಚುವವರ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುವ ಕೆಲಸ. ಸಂಬಳ ನನ್ನ ಹಳೆಯದಕ್ಕಿಂತ ಕಡಿಮೆ. ಆದರೆ ಪಿಎಫ್ ಇದೆ, ಇಎಸ್‌ಐ ಇದೆ, ಪ್ರತಿ ತಿಂಗಳು 7ಕ್ಕೆ ಬ್ಯಾಂಕಿಗೆ ಜಮೆ. ಸಂದರ್ಶನದಲ್ಲಿ ನಾನು ಸಂಬಳದ ಬಗ್ಗೆ ಜಾಸ್ತಿ ಚೌಕಾಸಿ ಮಾಡಲಿಲ್ಲ. ‘ಪಿಎಫ್ ಯಾವ ತಾರೀಕಿಗೆ ಕಟ್ಟುತ್ತೀರಿ?’ ಅಂತ ಕೇಳಿದೆ. ಅಲ್ಲಿನ ಅಕೌಂಟೆಂಟ್ ಒಂದು ಕ್ಷಣ ನನ್ನ ಮುಖ ನೋಡಿ, ಹಿಂದಿನ ತಿಂಗಳ ಚಲನ್ ತೆಗೆದು ತೋರಿಸಿದರು. 12ನೇ ತಾರೀಕು. ಅಲ್ಲೇ ನನ್ನ ತೀರ್ಮಾನ ಆಯಿತು.

ಸಾಲದಲ್ಲಿ ಬಿದ್ದು ಎದ್ದವರಿಗೆ ನಾನು ಗಟ್ಟಿಯಾಗಿ ಹೇಳುವ ಮಾತು ಇದು. ಮೊದಲ ವರ್ಷ ಜಾಸ್ತಿ ಸಂಬಳ ಹುಡುಕಬೇಡಿ, ತಾರೀಕು ತಪ್ಪದ ಸಂಬಳ ಹುಡುಕಿ. ಒಂದು ತಿಂಗಳು ಅರವತ್ತು ಸಾವಿರ, ಮುಂದಿನ ತಿಂಗಳು ಏನೂ ಇಲ್ಲ ಅನ್ನುವ ದುಡಿಮೆಯಲ್ಲಿ 000 ಬೀಳುವುದಿಲ್ಲ. ಇಪ್ಪತ್ತು ಸಾವಿರ ಆದರೂ ಪರವಾಗಿಲ್ಲ, ಅದೇ ತಾರೀಕಿಗೆ ಬರಬೇಕು. ಸ್ವಂತ ವ್ಯಾಪಾರ ಮಾಡುವವರನ್ನು ಕೀಳು ಮಾಡುತ್ತಿಲ್ಲ. ಅವರು ಒಳ್ಳೆಯ ತಿಂಗಳಿನ ದುಡ್ಡನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ತಮಗೆ ತಾವೇ ತಿಂಗಳ ಸಂಬಳ ಕೊಟ್ಟುಕೊಂಡರೆ ಇದೇ ಕೆಲಸ ಆಗುತ್ತದೆ.

ಕೆಲಸ ಹುಡುಕಲು ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಬಳಸಿದೆ. 2015ರಿಂದ ಇದೆ, ನೋಂದಣಿ ಉಚಿತ. ಗೋದಾಮಿನ ಕೆಲಸ ಪರಿಚಯದವರ ಮೂಲಕ ಸಿಕ್ಕಿತು, ನಿಜ. ಆದರೆ ಯಾವ ಹುದ್ದೆಗೆ ಎಷ್ಟು ಸಂಬಳ ನಡೆಯುತ್ತಿದೆ ಅನ್ನುವುದು ಪೋರ್ಟಲ್‌ನಿಂದ ತಿಳಿಯಿತು. ಕೆಲಸ ಕೊಡುತ್ತೇವೆ ಅಂತ ಮೊದಲೇ ಡೆಪಾಸಿಟ್, ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಹಣ ಕೇಳುವವರನ್ನು ಮಾತ್ರ ದೂರ ಇಡಿ. ಕಷ್ಟದಲ್ಲಿ ಇರುವವರ ಮೊಬೈಲಿಗೇ ಅಂಥ ಮೆಸೇಜ್ ಜಾಸ್ತಿ ಬರುತ್ತವೆ.

ಬ್ಯಾಂಕ್ ಕೆಲಸಕ್ಕೆ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೂ ಇದನ್ನು ತೋರಿಸಿ. ಬ್ಯಾಂಕುಗಳ ನೇಮಕಾತಿಯಲ್ಲಿ ಅಭ್ಯರ್ಥಿಯ ಸಾಲದ ಚರಿತ್ರೆಯನ್ನೂ ನೋಡುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಎರಡು ಸಾವಿರ ಸಾಲ ತೆಗೆದು ಮರೆತರೂ ಅದು ವರದಿಯಲ್ಲಿ ಇರುತ್ತದೆ. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುವುದರಲ್ಲೂ ಬಹಳಷ್ಟು ಸಾಲವೇ.

ಹೊಸ ಕೆಲಸದಲ್ಲಿ ಸಂಬಳ ತಪ್ಪದೆ ಬರುತ್ತಿದೆ, ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಸಾಲು ಬೀಳುತ್ತಿದೆ ಅಂತ ಖಾತ್ರಿಯಾದ ಮೇಲೆ ಎಫ್‌ಡಿಗೆ ಹೋದೆ. ಅಷ್ಟರಲ್ಲಿ ಕೂಡಿಟ್ಟ ಹಣದಲ್ಲಿ 25,000 ರೂಪಾಯಿ ಇಟ್ಟೆ. ಕಾರ್ಡಿನ ಮಿತಿ ಅದರ 80%, ಅಂದರೆ 20,000. ಕೆಲವು ಬ್ಯಾಂಕುಗಳು 90% ಕೊಡುತ್ತವೆ, ಪೂರ್ತಿ ಕೊಡುವವರೂ ಇದ್ದಾರೆ. ಸಂಬಳದ ಚೀಟಿ ಕೇಳಲಿಲ್ಲ. ಹಳೆಯ ಸ್ಕೋರ್ ಬಗ್ಗೆ ಮಾತೇ ಬರಲಿಲ್ಲ. ವಾರ್ಷಿಕ ಶುಲ್ಕ ಇಲ್ಲ. ಎಫ್‌ಡಿಗೆ ಬಡ್ಡಿ ಎಂದಿನಂತೆ ಸೇರುತ್ತದೆ. ಇಷ್ಟು ಮಟ್ಟಿಗೆ ಪೂರ್ತಿ ಅಂಕ.

ಒಂದೇ ಷರತ್ತು, ಎಫ್‌ಡಿ ಮೇಲೆ ಬ್ಯಾಂಕಿನ ಲಿಯನ್ ಬೀಳುತ್ತದೆ. ಕಾರ್ಡ್ ಇರುವವರೆಗೂ ಆ ಹಣವನ್ನು ಮುರಿಸುವಂತಿಲ್ಲ. ನೆಟ್ ಬ್ಯಾಂಕಿಂಗ್‌ನಲ್ಲಿ ಎಫ್‌ಡಿ ತೆರೆದರೆ ಪಕ್ಕದಲ್ಲೇ ಲಿಯನ್ ಮೊತ್ತ ಕಾಣುತ್ತದೆ. ಆದ್ದರಿಂದ ಕೈಯಲ್ಲಿರುವ ಉಳಿತಾಯವನ್ನೆಲ್ಲ ಇದಕ್ಕೆ ಹಾಕಬೇಡಿ. ಆಸ್ಪತ್ರೆ, ಮಕ್ಕಳ ಫೀಸು ಅಂತ ತುರ್ತು ಬಂದಾಗ ಈ ಹಣ ಸಿಗುವುದಿಲ್ಲ. ಹತ್ತು ಹದಿನೈದು ಸಾವಿರದಲ್ಲೂ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಸ್ಕೋರಿಗೆ ಎಫ್‌ಡಿ ದೊಡ್ಡದೋ ಚಿಕ್ಕದೋ ಅನ್ನುವುದು ಮುಖ್ಯವಲ್ಲ. ಆ್ಯಪ್ ಕಂಪನಿಗಳ ಮೂಲಕ ತೆಗೆದುಕೊಳ್ಳುವುದಾದರೆ ಎಫ್‌ಡಿ ನಿಜವಾಗಿ ಯಾವ ಬ್ಯಾಂಕಿನಲ್ಲಿ ಇರುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ) ವಿಮೆ ಇದೆ. ಆ್ಯಪಿನ ವ್ಯಾಲೆಟ್‌ನಲ್ಲಿ ಇರುವ ಹಣಕ್ಕೆ ಅದು ಇಲ್ಲ.

ಬಳಸುವ ರೀತಿ ಹೇಳುತ್ತೇನೆ. ಈ ಕಾರ್ಡಿನಲ್ಲಿ ನಾನು ಕರೆಂಟ್ ಬಿಲ್, ಮೊಬೈಲ್, ಗ್ಯಾಸ್ ಸಿಲಿಂಡರ್ ಮಾತ್ರ ಕಟ್ಟುತ್ತೇನೆ. ಎಲ್ಲ ಸೇರಿ ಮೂರು ಸಾವಿರದ ಆಸುಪಾಸು. ಮಿತಿ 20,000, ಬಳಕೆ 3,000. ಅಂದರೆ 15%. ಸ್ಕೋರ್ ಲೆಕ್ಕ ಹಾಕುವಾಗ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನುವುದನ್ನೂ ನೋಡುತ್ತಾರೆ. 30% ಒಳಗೆ ಇದ್ದರೆ ಒಳ್ಳೆಯದು ಅನ್ನುವುದು ಸಾಮಾನ್ಯ ಲೆಕ್ಕಾಚಾರ. ಇಲ್ಲಿ ಒಂದು ಸೂಕ್ಷ್ಮ ಇದೆ. ತಿಂಗಳ ಕೊನೆಗೆ ಪೂರ್ತಿ ಕಟ್ಟುವವರ ವರದಿಯಲ್ಲೂ ಬಾಕಿ ದೊಡ್ಡದಾಗಿ ಕಾಣಬಹುದು. ಬ್ಯಾಂಕು ಕಳಿಸುವುದು ಆಯಾ ತಾರೀಕಿಗೆ ಇದ್ದ ಬಾಕಿಯನ್ನು. ಹಾಗಾಗಿ ಯಾವುದಾದರೂ ತಿಂಗಳು ಖರ್ಚು ಜಾಸ್ತಿ ಆದರೆ ಬಿಲ್ ಬರುವ ಮೊದಲೇ ಸ್ವಲ್ಪ ಕಟ್ಟಿಬಿಡುತ್ತೇನೆ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅನ್ನುವ ನಿಯಮ ಬಂದಿದೆ. ಮೊದಲಿನಂತೆ ತಿಂಗಳುಗಟ್ಟಲೆ ಕಾಯುವ ಕೆಲಸ ಈಗ ಇಲ್ಲ.

ಈ ಕಾರ್ಡಿನಲ್ಲಿ ನನಗೆ ತುಂಬ ಇಷ್ಟವಾದದ್ದು ಬಿಲ್ಲಿನ ತಾರೀಕು ಬದಲಿಸಲು ಆದದ್ದು. ಕೊಟ್ಟಾಗ ಹಣ ಕಟ್ಟಲು ಕೊನೆಯ ದಿನ ತಿಂಗಳ 3 ಇತ್ತು. ನನ್ನ ಸಂಬಳ ಬರುವುದು 7ಕ್ಕೆ. ಈ ನಾಲ್ಕು ದಿನದ ಅಂತರ ಎಷ್ಟು ಜನರ ಸ್ಕೋರ್ ಹಾಳು ಮಾಡಿದೆಯೋ! ಬಿಲ್ಲಿನ ಚಕ್ರವನ್ನು ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಸ್ಟಮರ್ ಕೇರ್‌ನಲ್ಲಿ ಮೊದಲು ಆಗುವುದಿಲ್ಲ ಅಂದರು. ನಿಯಮ ಹೇಳಿ ಇಮೇಲ್ ಹಾಕಿದೆ, ಆಯಿತು. ಈಗ ಕೊನೆಯ ದಿನ 12. ಸಂಬಳ ಬರುತ್ತದೆ, ಬಿಲ್ ಹೋಗುತ್ತದೆ, ನಡುವೆ ಐದು ದಿನ ಉಸಿರಾಡಲು ಜಾಗ. ಕಾರ್ಡ್ ಬಂದ ದಿನವೇ ಈ ಕೆಲಸ ಮಾಡಿ.

ಇನ್ನೊಂದು ಉಪಯೋಗದ ನಿಯಮ. ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಜಾಸ್ತಿ ತಡವಾದರೆ ಮಾತ್ರ ಬ್ಯಾಂಕು ಅದನ್ನು ಬಾಕಿ ಅಂತ ವರದಿ ಮಾಡಬೇಕು, ತಡದ ಶುಲ್ಕ ಹಾಕಬೇಕು. ಸರ್ವರ್ ಕೈಕೊಟ್ಟ ದಿನ ಇದು ಜೀವ ಉಳಿಸುತ್ತದೆ.

ಇನ್ನು ತಕರಾರುಗಳು. ಆ್ಯಪ್‌ನಲ್ಲಿ ಆಟೋ ಪೇ ಹಾಕಲು ಹೋದರೆ ಮೊದಲೇ ಟಿಕ್ ಆಗಿದ್ದದ್ದು ಕನಿಷ್ಠ ಮೊತ್ತ. ಗಮನಿಸದೆ ಮುಂದೆ ಒತ್ತಿದ್ದರೆ ತಿಂಗಳಿಗೆ ನೂರೈವತ್ತು ರೂಪಾಯಿ ಮಾತ್ರ ಹೋಗುತ್ತಿತ್ತು. ಉಳಿದದ್ದಕ್ಕೆ ಬಡ್ಡಿ ಓಡುತ್ತಿತ್ತು, ಹೊಸ ಖರ್ಚಿಗೂ ಬಡ್ಡಿ ಇಲ್ಲದ ಅವಧಿ ಸಿಗುತ್ತಿರಲಿಲ್ಲ. ಕನಿಷ್ಠ ಕಟ್ಟಿದರೆ ಚೌಕದಲ್ಲಿ 000 ಬೀಳುತ್ತದೆ, ಹೌದು. ಆದರೆ ಬಾಕಿ ಬೆಳೆದು ಮಿತಿ ಮುಟ್ಟುತ್ತದೆ, ಸ್ಕೋರ್ ಆ ಕಡೆಯಿಂದ ಇಳಿಯುತ್ತದೆ. ಎದ್ದು ನಿಲ್ಲಲು ಹೊರಟವರಿಗೆ ಕೊಡುವ ಕಾರ್ಡಿನಲ್ಲಿ ಇದನ್ನು ಹೀಗೆ ಇಟ್ಟಿರುವುದು ನನಗೆ ಸರಿ ಕಾಣಲಿಲ್ಲ. ಪೂರ್ತಿ ಮೊತ್ತ ಅನ್ನುವುದನ್ನು ನೀವೇ ಹುಡುಕಿ ಒತ್ತಬೇಕು.

ಎರಡನೆಯದು, ಶಾಖೆಯಲ್ಲಿ ಎಫ್‌ಡಿ ಫಾರ್ಮಿನ ಜೊತೆಗೆ ಒಂದು ವಿಮೆಯ ಫಾರ್ಮನ್ನೂ ಕೊಟ್ಟು ‘ಇಲ್ಲೂ ಒಂದು ಸೈನ್ ಹಾಕಿ’ ಅಂದರು. ಕಾರ್ಡಿಗೆ ಅದು ಬೇಕಾ ಅಂತ ಕೇಳಿದೆ. ಬೇಕಿಲ್ಲ, ತೆಗೆದುಕೊಂಡರೆ ಒಳ್ಳೆಯದು ಅಂತ ಮಾತು ತಿರುಗಿತು. ಸೈನ್ ಹಾಕಲಿಲ್ಲ. ಕಷ್ಟದಲ್ಲಿರುವವರು ಕೌಂಟರಿನ ಮುಂದೆ ನಿಂತಾಗ ಕೇಳಲು ಹಿಂಜರಿಯುತ್ತಾರೆ. ದಯವಿಟ್ಟು ಕೇಳಿ. ನಿಮ್ಮ ಹಣ ಇಟ್ಟು ನಿಮ್ಮ ಕಾರ್ಡ್ ತೆಗೆದುಕೊಳ್ಳುತ್ತಿದ್ದೀರಿ, ಯಾರೂ ಉಪಕಾರ ಮಾಡುತ್ತಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ. ಹೇಗೂ ಎಫ್‌ಡಿ ಇದೆಯಲ್ಲ, ಕಟ್ಟದಿದ್ದರೆ ಅದರಲ್ಲಿ ಹಿಡಿದುಕೊಳ್ಳುತ್ತಾರೆ ಬಿಡು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಿಡಿದುಕೊಳ್ಳುತ್ತಾರೆ, ಆದರೆ ಅದು ಕೊನೆಯ ಹೆಜ್ಜೆ. ಅದಕ್ಕೆ ಮೊದಲು ಬಡ್ಡಿ, ತಡದ ಶುಲ್ಕ, ಚೌಕದಲ್ಲಿ 030, 060 ಎಲ್ಲ ಬಂದು ಹೋಗಿರುತ್ತವೆ. ಎಫ್‌ಡಿ ಬ್ಯಾಂಕಿನ ರಕ್ಷಣೆಗೆ ಇರುವುದು, ನಿಮ್ಮ ಸ್ಕೋರಿನ ರಕ್ಷಣೆಗೆ ಅಲ್ಲ. ಕೆಲಸ ಇಲ್ಲದ ಹೊತ್ತಿನಲ್ಲಿ ಕಾರ್ಡ್ ಬೇಡ ಅಂತ ಮೊದಲೇ ಹೇಳಿದ್ದು ಇದಕ್ಕೇ. ಎಟಿಎಂನಲ್ಲಿ ಈ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ. ತೆಗೆದ ದಿನದಿಂದಲೇ ಬಡ್ಡಿ, ಅದರ ಮೇಲೆ ಶುಲ್ಕ ಬೇರೆ.

ಫಲ ಏನಾಯಿತು? ಮೊದಲ ಕೆಲವು ತಿಂಗಳು ಸ್ಕೋರ್ ಅಲುಗಾಡಲೇ ಇಲ್ಲ. ಬೇಜಾರಾಯಿತು, ನಿಜ. ಆಮೇಲೆ ನಿಧಾನಕ್ಕೆ ಏರಿತು. 600ರ ಕೆಳಗಿದ್ದದ್ದು ಈಗ 700 ದಾಟಿದೆ. 750 ದಾಟಿದರೆ ಸಾಲ ಕೊಡುವವರ ಮುಖ ಬದಲಾಗುತ್ತದೆ ಅನ್ನುತ್ತಾರೆ, ಅಲ್ಲಿಗೆ ಇನ್ನೂ ಮುಟ್ಟಿಲ್ಲ.

ಆದರೆ ಕಾರ್ಡ್ ಒಂದರಿಂದಲೇ ಆದದ್ದಲ್ಲ ಇದು. ಸೆಟಲ್ ಮಾಡಿದ್ದ ಹಳೆಯ ಕಾರ್ಡಿನ ಉಳಿದ ಹಣವನ್ನು ಸಂಬಳದಿಂದ ಸ್ವಲ್ಪ ಸ್ವಲ್ಪ ಕೂಡಿಸಿ ಆಮೇಲೆ ಕಟ್ಟಿದೆ. ಕಟ್ಟುವ ಮೊದಲೇ ಬ್ಯಾಂಕಿನಿಂದ ಬರೆಸಿಕೊಂಡೆ: ಇಷ್ಟು ಕಟ್ಟಿದರೆ ಖಾತೆಯನ್ನು ಪೂರ್ತಿ ಮುಗಿದಿದೆ ಅಂತ ಬದಲಿಸುತ್ತೇವೆ ಅಂತ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡೆ. ಆದರೂ ವರದಿಯಲ್ಲಿ ಹಳೆಯದೇ ಉಳಿಯಿತು. ಬ್ಯಾಂಕಿಗೆ ಕೇಳಿದರೆ ಬ್ಯೂರೋದವರನ್ನು ಕೇಳಿ, ಬ್ಯೂರೋಗೆ ಕೇಳಿದರೆ ಬ್ಯಾಂಕಿನವರನ್ನು ಕೇಳಿ.

ಇಲ್ಲಿ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮ ಕೈ ಹಿಡಿಯಿತು. ವರದಿ ಸರಿಪಡಿಸಿ ಅಂತ ದೂರು ಕೊಟ್ಟರೆ 30 ದಿನದೊಳಗೆ ಮುಗಿಸಬೇಕು. ಇಲ್ಲದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕಿಗೆ 21 ದಿನ, ಉಳಿದದ್ದು ಬ್ಯೂರೋಗೆ. ಬ್ಯೂರೋದ ವೆಬ್‌ಸೈಟಿನಲ್ಲಿ ತಕರಾರು ಹಾಕಿ, ಪತ್ರ ಲಗತ್ತಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡೆ. ಗಡುವು ಮುಗಿಯುವ ಮೊದಲೇ ಖಾತೆ ಬದಲಾಯಿತು. ಆಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಅದೂ ಉಚಿತ, ಮನೆಯಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳೂ ಆ ವ್ಯವಸ್ಥೆಯೊಳಗೆ ಬಂದಿವೆ.

ಈ ಮಧ್ಯೆ ‘ಸಿಬಿಲ್ ಸರಿ ಮಾಡಿಕೊಡುತ್ತೇವೆ, ಹದಿನೈದು ದಿನದಲ್ಲಿ 800’ ಅನ್ನುವ ಫೋನುಗಳೂ ಬಂದವು. ಎಂಟು ಸಾವಿರ ಕೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ನಿಜವಾಗಿ ತಡವಾಗಿ ಕಟ್ಟಿದ ತಿಂಗಳನ್ನು ಹೇಗೆ ಅಳಿಸುತ್ತೀರಿ? ಉತ್ತರ ಬರಲಿಲ್ಲ. ಅವರು ಮಾಡುವುದು ಇಷ್ಟೇ, ನಾವು ಪುಕ್ಕಟೆ ಹಾಕಬಹುದಾದ ತಕರಾರನ್ನು ನಮ್ಮ ಹೆಸರಿನಲ್ಲಿ ಹಾಕುತ್ತಾರೆ. ಅದಕ್ಕೆ ನಮ್ಮ ಪ್ಯಾನ್, ಆಧಾರ್, ಒಟಿಪಿ ಎಲ್ಲ ಕೇಳುತ್ತಾರೆ. ವರದಿಯಲ್ಲಿ ತಪ್ಪು ಮಾಹಿತಿ ಇದ್ದರೆ ನೀವೇ ಸರಿಪಡಿಸಬಹುದು. ಸರಿಯಾದ ಮಾಹಿತಿಯನ್ನು ಯಾರೂ ತೆಗೆಯಲಾರರು. ಆ ಎಂಟು ಸಾವಿರಕ್ಕೆ ಇನ್ನೆರಡು ಸೇರಿಸಿ ಎಫ್‌ಡಿ ಇಡಿ.

ಹಾಗಾದರೆ ಯಾರು ತೆಗೆದುಕೊಳ್ಳಬಹುದು? ಒಂದೇ ಜಾಗದಲ್ಲಿ ಆರು ತಿಂಗಳಾದರೂ ಸಂಬಳ ಸರಿಯಾಗಿ ಬಂದವರು, ಹಳೆಯ ಬಾಕಿ ಯಾವುದೂ ಓಡುತ್ತಿಲ್ಲದವರು. ಹಳೆಯ ಬಾಕಿ ಇನ್ನೂ ಬೆಳೆಯುತ್ತಿದ್ದರೆ ಎಫ್‌ಡಿಗೆ ಇಡುವ ಹಣವನ್ನು ಮೊದಲು ಅಲ್ಲಿಗೆ ಹಾಕಿ. ಏಳು ಪರ್ಸೆಂಟ್ ಬಡ್ಡಿಗೆ ಎಫ್‌ಡಿ ಇಟ್ಟು ನಲವತ್ತರ ಬಾಕಿ ಓಡಲು ಬಿಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ, ಸ್ಕೋರ್ ಬಿದ್ದವರ ಹೆಸರಿನಲ್ಲೇ ಕಾರ್ಡ್ ತೆಗೆಯಿರಿ. ಗಂಡನ ಹೆಸರಿನ ಕಾರ್ಡ್ ಹೆಂಡತಿ ಬಳಸಿದರೆ ಚೌಕ ಬೀಳುವುದು ಗಂಡನ ವರದಿಯಲ್ಲಿ.

ನಾನು ಈ ಕಾರ್ಡನ್ನು ಸದ್ಯಕ್ಕೆ ಮುಚ್ಚುವುದಿಲ್ಲ. ಖಾತೆ ಹಳೆಯದಾದಷ್ಟೂ ಸ್ಕೋರಿಗೆ ಒಳ್ಳೆಯದು. ಎಫ್‌ಡಿ ಇಲ್ಲದ ಮಾಮೂಲಿ ಕಾರ್ಡಿಗೆ ಬದಲಿಸಿ ಅಂತ ಬ್ಯಾಂಕಿಗೆ ಕೇಳಿದ್ದೇನೆ. ಇನ್ನೂ ಸ್ವಲ್ಪ ಕಾಲ ಬಳಸಿ ಆಮೇಲೆ ನೋಡೋಣ ಅಂದಿದ್ದಾರೆ, ಒಪ್ಪಿಕೊಂಡಿದ್ದೇನೆ. ನೀವು ಮುಚ್ಚುವುದಾದರೆ ಪೂರ್ತಿ ಬಾಕಿ ಕಟ್ಟಿ, ಬರವಣಿಗೆಯಲ್ಲಿ ಅರ್ಜಿ ಕೊಡಿ. ಅರ್ಜಿ ಕೊಟ್ಟ ಮೇಲೆ 7 ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡಬೇಕು. ಕಾರ್ಡ್ ಮುಚ್ಚಿದ ಮೆಸೇಜ್ ಬಂದರೆ ಸಾಲದು. ಎಫ್‌ಡಿ ಮೇಲಿನ ಲಿಯನ್ ತೆಗೆದಿದ್ದಾರಾ ಅಂತ ನೆಟ್ ಬ್ಯಾಂಕಿಂಗ್‌ನಲ್ಲಿ ನೋಡಿ, ಮುಂದಿನ ವರದಿಯಲ್ಲಿ ಆ ಖಾತೆ ಮುಚ್ಚಿದೆ ಅಂತ ಬಂದಿದೆಯಾ ಅಂತಲೂ ನೋಡಿ.